ಮನೆಕಂದಾಯದ ರಸೀದಿಯಲ್ಲಿ ನೆರೆಯವನ ಪಾಲು

ಏಪ್ರಿಲ್ ತಿಂಗಳು ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಮನೆಕಂದಾಯ ಕಟ್ಟಿದಿರಾ? ತಿಂಗಳು ಮುಗಿಯುವುದರೊಳಗೆ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ." ಹಾಗೆ ಕಟ್ಟಿ ತಂದ ರಸೀದಿಯನ್ನು ಮಡಿಸಿ, ಬೀರುವಿನಲ್ಲಿ ಕ್ರಯಪತ್ರದ ಜೊತೆಗೆ, ಮಕ್ಕಳ ಜ್ಞಾನಸ್ನಾನದ ಪ್ರಮಾಣಪತ್ರಗಳ ಜೊತೆಗೆ ಜೋಪಾನವಾಗಿ ಇಡುತ್ತೇವೆ. ಅದನ್ನು ಕಳೆದುಕೊಳ್ಳಬಾರದೆಂಬ ಎಚ್ಚರ ನಮಗಿದೆ. ಓದಿ ನೋಡಬೇಕೆಂಬ ಆಸಕ್ತಿ ಮಾತ್ರ ಯಾರಿಗೂ ಇದ್ದಂತಿಲ್ಲ.

ಈ ಸಲ ಓದಿ ನೋಡಿ. ತೆರಿಗೆಯ ಮೊತ್ತದ ಕೆಳಗೆ 'ಸೆಸ್' ಎಂಬ ಒಂದು ಪುಟ್ಟ ಪದವಿರುತ್ತದೆ. ಕನ್ನಡದಲ್ಲಿ ಉಪಕರ. ಆ ಒಂದು ಪದದೊಳಗೆ ಮೂರು ಹಳೆಯ ಹೆಸರುಗಳು ಅಡಗಿವೆ. ಪ್ರತಿ 100 ರೂಪಾಯಿ ಆಸ್ತಿ ತೆರಿಗೆಗೆ 15 ರೂಪಾಯಿ ಆರೋಗ್ಯ ಉಪಕರ, 6 ರೂಪಾಯಿ ಗ್ರಂಥಾಲಯ ಉಪಕರ, 3 ರೂಪಾಯಿ ಭಿಕ್ಷುಕರ ಪುನರ್ವಸತಿಯ ಉಪಕರ. ಆರೋಗ್ಯ ಉಪಕರದ ಕಾನೂನು 1962ರದು. ಆಗ ನಮ್ಮ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂಬ ಹೆಸರು. ಗ್ರಂಥಾಲಯದ ಕಾನೂನು 1965ರದು, ಭಿಕ್ಷಾಟನೆ ನಿಷೇಧದ ಕಾನೂನು 1975ರದು. ಅಂದರೆ ಮನೆಯುಳ್ಳವನು ರೋಗಿಯ ಔಷಧಿಗೆ, ಓದುವ ಬಡ ಹುಡುಗನ ಪುಸ್ತಕಕ್ಕೆ, ಬೀದಿಯಲ್ಲಿ ಮಲಗಿದವನ ಅನ್ನಕ್ಕೆ ತನ್ನ ಮನೆಯ ಲೆಕ್ಕದಲ್ಲಿಯೇ ಒಂದು ಪಾಲು ಕೊಡಬೇಕೆಂದು ನಮ್ಮ ಹಿರಿಯರು ಐವತ್ತು-ಅರವತ್ತು ವರ್ಷಗಳ ಹಿಂದೆಯೇ ತೀರ್ಮಾನಿಸಿದ್ದರು.

ನನ್ನ ವಾದ ಇಷ್ಟೇ: ಆ ತೀರ್ಮಾನ ಸರಿಯಾದದ್ದು. ಆದರೆ ಅದು ತೀರ ಸಣ್ಣದಾಗಿ ಉಳಿದಿದೆ, ಕಣ್ಣಿಗೆ ಬೀಳದಂತೆ ಉಳಿದಿದೆ. ರಾಜ್ಯದಾದ್ಯಂತ ಆಸ್ತಿಯ ಮೇಲಿನ ಆರೋಗ್ಯ ಉಪಕರವನ್ನು ಹೆಚ್ಚಿಸಬೇಕು; ದೊಡ್ಡ ಆಸ್ತಿಗೆ ಹೆಚ್ಚು, ಚಿಕ್ಕ ಆಸ್ತಿಗೆ ಕಡಿಮೆ ಎಂಬ ನ್ಯಾಯದಿಂದ ಹೆಚ್ಚಿಸಬೇಕು; ಆ ಹಣ ಸಾರ್ವಜನಿಕ ಚಿಕಿತ್ಸೆಗೇ ಹೋಗುವಂತೆ ಕಟ್ಟುಮಾಡಬೇಕು. ಸ್ವಂತ ಮನೆಯುಳ್ಳ ಕ್ರೈಸ್ತ ಕುಟುಂಬಗಳಾದ ನಾವು ಇದನ್ನು ವಿರೋಧಿಸುವವರ ಸಾಲಿನಲ್ಲಿ ನಿಲ್ಲದೆ, ಕೇಳುವವರ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲಬೇಕು.

ಇದನ್ನು ಬರೆಯಲು ಕಾರಣವಾದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನಮ್ಮ ರಸ್ತೆಯ ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆಯುತ್ತಿದ್ದ ಒಬ್ಬ ತಾಯಿ ಕಾಮಾಕ್ಷಿಪಾಳ್ಯದ ಕಡೆಯಿಂದ ನಡೆದು ಬರುತ್ತಿದ್ದಳು. ಆಕೆಗೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇದ್ದವು. ಮುಖ ಊದಿಕೊಂಡಿದ್ದ ಒಂದು ದಿನ ನನ್ನ ಹೆಂಡತಿ, "ಮಾತ್ರೆ ತಗೊಳ್ತಿದ್ದೀಯೇನಮ್ಮಾ?" ಎಂದು ಕೇಳಿದಳು. "ತಿಂಗಳ ಕೊನೆ ಅಲ್ವಾ ಅಕ್ಕಾ, ಸಂಬಳ ಬಂದ ಮೇಲೆ ತಗೋತೀನಿ" ಎಂಬ ಉತ್ತರ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತವಲ್ಲವೇ ಎಂದರೆ, ಅಲ್ಲಿಗೆ ಬೆಳಗಿನ ಹೊತ್ತಿನಲ್ಲಿ ಹೋಗಬೇಕು, ಹೋದರೆ ಎರಡು ಮನೆಯ ಕೆಲಸ ತಪ್ಪುತ್ತದೆ, ಹೋದ ದಿನ ಮಾತ್ರೆ ಇದ್ದೇ ಇರುತ್ತದೆಂಬ ಭರವಸೆಯಿಲ್ಲ ಎಂದಳು. ನಾವು "ಪಾಪ" ಎಂದೆವು. ಕೆಲವು ತಿಂಗಳುಗಳ ನಂತರ ಆಕೆಗೆ ಲಕ್ವ ಹೊಡೆಯಿತು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಸ್ಪತ್ರೆಯ ಖರ್ಚನ್ನು ಸರ್ಕಾರದ ಯೋಜನೆಯೇ ಭರಿಸಿತು. ಆದರೆ ಬಲಗೈ ಹಿಂತಿರುಗಲಿಲ್ಲ. ಮೂರು ಮನೆಗಳೂ ಬೇರೆ ಕೆಲಸದವರನ್ನು ಹುಡುಕಿಕೊಂಡವು. ನಮ್ಮ ಮನೆಯೂ ಆ ಮೂರರಲ್ಲಿ ಒಂದು.

ಅದೇ ತಿಂಗಳು ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಯ ಬಳಿಕ, ಕಾಯಿಲೆ ಬಿದ್ದಿದ್ದ ನಮ್ಮವರೇ ಆದ ಒಬ್ಬರಿಗಾಗಿ ಸಹಾಯ ಕೇಳಲಾಯಿತು. ಜನ ಧಾರಾಳವಾಗಿ ಕೊಟ್ಟರು, ನಾನೂ ಕೊಟ್ಟೆ. ಆ ತಾಯಿಗಾಗಿ ಯಾರೂ ಯಾವ ದೇವಾಲಯದಲ್ಲೂ ಕೇಳಲಿಲ್ಲ. ಆಕೆ ನಮ್ಮ ಸಭೆಯವಳಲ್ಲ. ಅವಳ ಹೆಸರನ್ನು ಬಲ್ಲವರು ಆ ಮೂರು ಮನೆಯವರು ಮಾತ್ರ. ಧರ್ಮಕಾರ್ಯದ ಮಿತಿ ಅಂದು ನನಗೆ ಚೆನ್ನಾಗಿ ಅರ್ಥವಾಯಿತು. ದಾನ ಕಣ್ಣಿಗೆ ಕಂಡವನನ್ನು ಮಾತ್ರ ತಲುಪುತ್ತದೆ. ಕಾಣದವನನ್ನು ತಲುಪಬೇಕಾದರೆ ಹೆಸರು, ಜಾತಿ, ಧರ್ಮ ಕೇಳದ ಒಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆಗೆ ಹಣ ಬರುವುದು ತೆರಿಗೆಯಿಂದ.

ಈಗ ಯೋಜನೆಗಳೇ ಇಲ್ಲವೇ ಎಂದು ಯಾರಾದರೂ ಕೇಳಿಯಾರು. ಇವೆ, ಅವುಗಳಿಂದ ಉಪಕಾರವೂ ಆಗಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು. ಆಮೇಲೆ ಬಡವರ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಇಂಥವೆಲ್ಲವನ್ನೂ ಒಟ್ಟುಗೂಡಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಅದರಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿತ ವೆಚ್ಚದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇವೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮಲಗದಂತೆ ಕಾಯುವ ದಿನದಿನದ ಮಾತ್ರೆ, ರಕ್ತಪರೀಕ್ಷೆ, ವೈದ್ಯರ ಸಲಹೆ, ಇವುಗಳೇ ಬಡವರ ಕೈಯನ್ನು ಬರಿದುಮಾಡುವಂಥವು. ಆ ತಾಯಿಯ ಲಕ್ವಕ್ಕೆ ಲಕ್ಷಗಟ್ಟಲೆ ಖರ್ಚುಮಾಡಲು ಸಿದ್ಧವಿದ್ದ ನಾಡು, ಲಕ್ವ ಬಾರದಂತೆ ತಡೆಯುವ ತಿಂಗಳ ಮಾತ್ರೆಯನ್ನು ಅವಳ ಕೈಗೆ, ಅವಳಿಗೆ ಬಿಡುವಾದ ಸಂಜೆಯ ಹೊತ್ತಿನಲ್ಲಿ ಮುಟ್ಟಿಸಲಾರದೆ ಹೋಯಿತು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2013–14ರಲ್ಲಿ ಆರೋಗ್ಯಕ್ಕಾಗಿ ಭಾರತದಲ್ಲಿ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ 64 ರೂಪಾಯಿ ಜನರ ಸ್ವಂತ ಜೇಬಿನಿಂದ ಹೋಗುತ್ತಿತ್ತು. 2021–22ರ ಹೊತ್ತಿಗೆ ಅದು ಸುಮಾರು 39 ರೂಪಾಯಿಗೆ ಇಳಿಯಿತು. ಸರ್ಕಾರದ ವೆಚ್ಚ ಹೆಚ್ಚಿದಂತೆ ಜನರ ಹೊರೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೂ ಆ ವರ್ಷ ಸರ್ಕಾರಗಳೆಲ್ಲ ಸೇರಿ ಮಾಡಿದ ಆರೋಗ್ಯ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇಕಡಾ 1.84 ಮಾತ್ರ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಅದನ್ನು ಶೇಕಡಾ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. ಗುರಿಗೂ ನಡೆಗೂ ನಡುವಿನ ಈ ಅಂತರದಲ್ಲಿಯೇ ಇಂಥ ತಾಯಂದಿರು ಬಿದ್ದುಹೋಗುತ್ತಾರೆ.

ಹಾಗಾದರೆ ಹಣವನ್ನು ಎಲ್ಲಿಂದ ತರಬೇಕು? ಆಸ್ತಿಯಿಂದಲೇ ಏಕೆ? ಇದಕ್ಕೆ ಮೂರು ಕಾರಣಗಳನ್ನು ಕೊಡುತ್ತೇನೆ.

ಮೊದಲನೆಯದು ಅಧಿಕಾರದ ಮಾತು. ನಮ್ಮ ಸಂವಿಧಾನದ ರಾಜ್ಯಪಟ್ಟಿಯಲ್ಲಿ 6ನೆಯ ವಿಷಯ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು. 49ನೆಯದು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ. ಹೊಣೆಯೂ ರಾಜ್ಯದ್ದೇ, ಹಣದ ಮೂಲವೂ ರಾಜ್ಯದ್ದೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ಸ್ವತಂತ್ರವಾಗಿ ತೆರಿಗೆ ಹಾಕಬಲ್ಲ ಬಾಗಿಲುಗಳು ಕೆಲವೇ ಉಳಿದಿವೆ. ಅವುಗಳಲ್ಲಿ ಆಸ್ತಿಯದು ಒಂದು. ದೆಹಲಿಯತ್ತ ಕೈಚಾಚಿ ನಿಲ್ಲದೆ, ಕೇಂದ್ರದ ಪಾಲು ಬರಲಿಲ್ಲವೆಂದು ನೆಪ ಹೇಳದೆ, ಕರ್ನಾಟಕ ತಾನೇ ನಾಳೆ ಬೆಳಿಗ್ಗೆ ಮಾಡಬಹುದಾದ ಕೆಲಸವಿದು.

ಎರಡನೆಯದು ನ್ಯಾಯದ ಮಾತು. ನಮ್ಮ ಮನೆಗಳ ಬೆಲೆ ಏರಿದ್ದು ಯಾರಿಂದ? ರಾಜಾಜಿನಗರ 1949ರಲ್ಲಿ ರೂಪುಗೊಂಡ ಬಡಾವಣೆ. ರೈತರ ಹೊಲಗಳನ್ನು ಸ್ವಾಧೀನಪಡಿಸಿಕೊಂಡು, 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ನಿವೇಶನಗಳನ್ನು ಮಾಡಿ ಹಂಚಿತು. ಅಂದು ನಮ್ಮ ತಂದೆ-ತಾತಂದಿರು ಅವುಗಳಿಗೆ ಕೊಟ್ಟ ಬೆಲೆಯನ್ನು ಇಂದು ಹೇಳಿದರೆ ಮಕ್ಕಳು ನಗುತ್ತಾರೆ. ಆಮೇಲೆ ಕಾವೇರಿ ನೀರು ಬಂತು, ಕಾರ್ಡ್ ರಸ್ತೆ ಬಂತು. 2014ರ ಮಾರ್ಚಿಯಲ್ಲಿ ಮೆಟ್ರೊ ರಾಜಾಜಿನಗರವನ್ನು ಹಾದು ಪೀಣ್ಯ ತಲುಪಿತು. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಬಂತು. 2007ರವರೆಗೆ ಬೇರೆಯೇ ಪುರಸಭೆಯಾಗಿದ್ದ ಕೆಂಗೇರಿ ಇಂದು ಮಹಾನಗರದ ಒಂದು ಭಾಗ. ಇವೆಲ್ಲ ಸಾರ್ವಜನಿಕರ ಹಣದಿಂದ ಆದವು. ನಾವು ಮನೆಯಲ್ಲಿ ನಿದ್ದೆ ಮಾಡುತ್ತಿದ್ದಾಗ ನಮ್ಮ ನಿವೇಶನದ ಬೆಲೆ ತಾನಾಗಿ ಏರಿತು. ಆ ಏರಿಕೆ ನಮ್ಮ ದುಡಿಮೆಯ ಫಲವಲ್ಲ. ಸಮಾಜ ನಮ್ಮ ಬಾಗಿಲಿಗೆ ತಂದಿಟ್ಟ ಬುತ್ತಿ. ಅದರಲ್ಲಿ ಒಂದು ತುತ್ತನ್ನು ಸಮಾಜದ ರೋಗಿಗೆ ಕೊಡಿರೆಂದರೆ ಅದು ದರೋಡೆ ಹೇಗಾದೀತು?

ಮೂರನೆಯದು ಋಣದ ಮಾತು. ಮನೆಗೂ ಆರೋಗ್ಯಕ್ಕೂ ಇರುವ ನಂಟು ಬೆಂಗಳೂರಿಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸಾಯತೊಡಗಿದ ಮೇಲೆಯೇ ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದವು. ಇಂದು ಪಶ್ಚಿಮ ಬೆಂಗಳೂರಿನ ಮನೆಗಳ, ಕಾರ್ಖಾನೆಗಳ ಕೊಳೆಯನ್ನೆಲ್ಲ ಹೊತ್ತು ವೃಷಭಾವತಿ ಕೆಂಗೇರಿಯ ಪಕ್ಕದಲ್ಲಿ ಕಪ್ಪಾಗಿ ಹರಿದು ಬಿಡದಿಯ ಕಡೆಯ ಬೈರಮಂಗಲ ಕೆರೆಗೆ ಸೇರುತ್ತಾಳೆ. ಆ ನೀರಿನಲ್ಲಿಯೇ ಅಲ್ಲಿಯ ರೈತರು ಬೆಳೆ ಬೆಳೆಯಬೇಕಾಗಿದೆ. ನಮ್ಮ ಸುಖದ ಕೊಳೆ ಇನ್ನೊಬ್ಬರ ಹೊಲಕ್ಕೆ, ಬಾವಿಗೆ, ಮೈಗೆ ಸೇರುತ್ತಿರುವಾಗ, "ನನ್ನ ಮನೆ, ನನ್ನ ದುಡ್ಡು" ಎಂದು ಬಾಗಿಲು ಹಾಕಿಕೊಳ್ಳಲು ನಮಗೆ ಯಾವ ಹಕ್ಕಿದೆ? ನಮ್ಮ ಮನೆಗಳನ್ನು ಕಟ್ಟಿದ ಕೈಗಳಾದರೂ ಎಲ್ಲಿಯವು? ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಗುಳೆ ಬಂದವರವು. ಆದ್ದರಿಂದಲೇ ಇದು ಬೆಂಗಳೂರಿನ ಹಣ ಬೆಂಗಳೂರಿಗೇ ಎಂಬ ಲೆಕ್ಕವಾಗದೆ ರಾಜ್ಯವ್ಯಾಪಿ ಲೆಕ್ಕವಾಗಬೇಕು. ಬೆಲೆಬಾಳುವ ಆಸ್ತಿ ಇಲ್ಲಿದೆ. ಆಸ್ಪತ್ರೆಯ ಕೊರತೆ ಅಲ್ಲಿದೆ.

ದುಡಿದಂತೆ ಕೊಟ್ಟು, ಬೇಕಾದಂತೆ ಚಿಕಿತ್ಸೆ ಪಡೆಯುವ ವ್ಯವಸ್ಥೆ ಕೇವಲ ಕನಸೆನ್ನುವವರು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಲಿ. 1948ರ ಕಾನೂನಿನಿಂದ ಬಂದ ವ್ಯವಸ್ಥೆ ಅದು. ಈಗಿನ ದರದಂತೆ ಕಾರ್ಮಿಕ ತನ್ನ ಸಂಬಳದ ಪ್ರತಿ 100 ರೂಪಾಯಿಗೆ 75 ಪೈಸೆ, ಮಾಲೀಕ 3 ರೂಪಾಯಿ 25 ಪೈಸೆ ಕೊಡುತ್ತಾರೆ. ನೆಗಡಿಯವನೂ ಕಿಡ್ನಿ ಹಾಳಾದವನೂ ಕೊಡುವ ದರ ಒಂದೇ. ಪಡೆಯುವುದು ಮಾತ್ರ ಕಾಯಿಲೆಗೆ ತಕ್ಕಂತೆ. ಅಲ್ಲಿಯ ಸರದಿಸಾಲಿನ ಕುರಿತು, ನೂಕುನುಗ್ಗಲಿನ ಕುರಿತು ದೂರುಗಳಿವೆ, ನಿಜ. ಆದರೂ ಪೀಣ್ಯದ, ಮೈಸೂರು ರಸ್ತೆಯ ಎಷ್ಟೋ ಕಾರ್ಮಿಕ ಕುಟುಂಬಗಳು ಸಾಲದ ಶೂಲಕ್ಕೆ ಬೀಳದೆ ಉಳಿದಿರುವುದು ಈ ವ್ಯವಸ್ಥೆಯಿಂದ. ಸಂಬಳದ ಚೀಟಿಯೇ ಇಲ್ಲದ ಮನೆಗೆಲಸದವರು, ತಳ್ಳುಗಾಡಿಯವರು, ಆಟೊ ಓಡಿಸುವವರು ಆ ಬಾಗಿಲ ಹೊರಗಿದ್ದಾರೆ. ಅವರಿಗೆ ಮಾಲೀಕನ ಪಾಲನ್ನು ಕೊಡುವವರು ಯಾರು? ಅವರ ದುಡಿಮೆಯಿಂದ ಸುಖಪಡುವ ಮನೆಗಳೆಲ್ಲ ಸೇರಿ ಕೊಡಬೇಕು. ಆಸ್ತಿಯ ಮೇಲಿನ ಆರೋಗ್ಯ ಉಪಕರವೆಂದರೆ ಇದೇ. ಹೊರದೇಶದ ಉದಾಹರಣೆ ಬೇಕೆಂದರೆ, ನಮ್ಮಂತೆಯೇ ಸಿರಿವಂತವಲ್ಲದ ಥಾಯ್ಲೆಂಡ್ 2002ರಲ್ಲಿ, ಬೇರೆ ವ್ಯವಸ್ಥೆಗಳಿಂದ ಹೊರಗುಳಿದಿದ್ದ ತನ್ನ ಜನರಿಗೆಲ್ಲ ಸಾಮಾನ್ಯ ತೆರಿಗೆಯ ಹಣದಿಂದಲೇ ಚಿಕಿತ್ಸೆ ಒದಗಿಸಲಾರಂಭಿಸಿತು.

ಈಗ ಆಕ್ಷೇಪಣೆಗಳಿಗೆ ಬರೋಣ. ಇವು ದೇವಾಲಯದ ಅಂಗಳದಲ್ಲಿ, ಮದುವೆಮನೆಗಳಲ್ಲಿ ನಾನೇ ಕೇಳಿದವು.

"ಈಗಾಗಲೇ ಬೇಕಾದಷ್ಟು ಕಟ್ಟುತ್ತಿದ್ದೇವೆ." ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಘಟಕ ಪ್ರದೇಶ ಮೌಲ್ಯದ ಪದ್ಧತಿಯ ದರಗಳನ್ನು ಮನೆಗಳಿಗೆ 2016ರಲ್ಲಿ ಶೇಕಡಾ 20ರಷ್ಟು ಏರಿಸಲಾಯಿತು. 2024ರಲ್ಲಿ ಮಾರ್ಗಸೂಚಿ ಬೆಲೆಗೆ ತೆರಿಗೆಯನ್ನು ಜೋಡಿಸುವ ಪ್ರಸ್ತಾಪ ಬಂದಾಗ ಭಾರಿ ಗದ್ದಲವೆದ್ದು ಅದು ಮುಂದಕ್ಕೆ ಹೋಯಿತು. ವರ್ಷಕ್ಕೆ 4,000 ರೂಪಾಯಿ ಆಸ್ತಿ ತೆರಿಗೆ ಬರುವ ಒಂದು ಮನೆಯನ್ನು ತೆಗೆದುಕೊಳ್ಳಿ. ಅದರ ಆರೋಗ್ಯ ಉಪಕರ 600 ರೂಪಾಯಿ, ಅಂದರೆ ತಿಂಗಳಿಗೆ 50 ರೂಪಾಯಿ. ಅದನ್ನು ಇಮ್ಮಡಿ ಮಾಡಿದರೂ ಹೆಚ್ಚಾಗುವುದು ತಿಂಗಳಿಗೆ ಇನ್ನೊಂದು 50 ರೂಪಾಯಿ. ಒಂದು ಭಾನುವಾರದ ಮಾಂಸದ ಖರ್ಚಿಗೂ ಸಾಲದ ಹಣವಿದು. ಆದರೆ ಸಣ್ಣದೂ ಸೇರಿದರೆ ದೊಡ್ಡದಾಗುತ್ತದೆ: 2024–25ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಂಗ್ರಹಿಸಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ ರೂಪಾಯಿ. ಅದರ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿದರೂ ವರ್ಷಕ್ಕೆ 490 ಕೋಟಿ ಆಯಿತು, ಒಂದೇ ಊರಿನಿಂದ.

"ನಮಗೆ ನಮ್ಮದೇ ಇನ್ಶೂರೆನ್ಸ್ ಇದೆ." ಇದ್ದವರಿಗೆ ಇದೆ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು ತೆಗೆದುಹಾಕಿದಾಗ ನಾವೆಲ್ಲ ಸಂತೋಷಪಟ್ಟೆವು. ವಿಮೆ ಕೊಳ್ಳಬಲ್ಲವನಿಗೆ ಸಾರ್ವಜನಿಕ ಖಜಾನೆಯಿಂದ ಸಿಕ್ಕಿದ ಉಡುಗೊರೆ ಅದು. ಕೊಳ್ಳಲಾರದವನಿಗೆ ಅದರಿಂದ ಒಂದು ಕಾಸೂ ಸಿಗಲಿಲ್ಲ. ಅಷ್ಟೇ ಅಲ್ಲ, ವಿಮೆಯ ಚೀಟಿ ಇದ್ದಮಾತ್ರಕ್ಕೆ ಹಾಸಿಗೆ ಸಿಗುತ್ತದೆಯೇ? 2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನೆಯಿರಿ. ದುಡ್ಡಿದ್ದವರೂ ಆಮ್ಲಜನಕಕ್ಕಾಗಿ ಫೋನು ಹಿಡಿದು ಅಲೆದರು. ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದನ್ನು ಮಾಗಡಿ ರಸ್ತೆಯಲ್ಲಿ ಓಡಾಡುವ ನಾವು ಮರೆಯಲಾದೀತೆ? ಆ ದಿನಗಳಲ್ಲಿ ಬಡವನ ಶ್ವಾಸವೂ ಶ್ರೀಮಂತನ ಶ್ವಾಸವೂ ಒಂದೇ ಹಗ್ಗಕ್ಕೆ ಕಟ್ಟಿದ್ದವು. ಹಗ್ಗ ಈಗಲೂ ಬಿಚ್ಚಿಲ್ಲ. ನಾವು ಮರೆತಿದ್ದೇವೆ ಅಷ್ಟೆ.

"ಕೊಟ್ಟ ಹಣವನ್ನೆಲ್ಲ ತಿಂದುಬಿಡುತ್ತಾರೆ." ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಮಾಗಡಿ ರಸ್ತೆಯಲ್ಲಿಯೇ ನಿರಾಶ್ರಿತರ ಪರಿಹಾರ ಕೇಂದ್ರವಿದೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ನಿರಾಶ್ರಿತರು ಸತ್ತರು. ಇಡೀ ರಾಜ್ಯ ತಲೆತಗ್ಗಿಸಿತು. ಭಿಕ್ಷುಕರ ಹೆಸರಿನಲ್ಲಿ ನಮ್ಮಿಂದ ಪಡೆದ ಉಪಕರವನ್ನು ಪಾಲಿಕೆ ಪೂರ್ತಿಯಾಗಿ ಮುಟ್ಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಬಳಿಕವೂ ಮತ್ತೆ ಮತ್ತೆ ಬಂದಿದೆ. ನಾವು ಕೊಟ್ಟಿದ್ದೆವು, ಹಸಿದವನಿಗೆ ತಲುಪಲಿಲ್ಲ. ಆದರೆ ಇದರಿಂದ ಕಲಿಯಬೇಕಾದ ಪಾಠ "ಕೊಡಬಾರದು" ಎಂಬುದಲ್ಲ, "ಲೆಕ್ಕ ಕೇಳದೆ ಕೊಡಬಾರದು" ಎಂಬುದು. ಕೊಟ್ಟು ಮರೆತ ನಮ್ಮದೂ ಆ ಪಾಪದಲ್ಲಿ ಒಂದು ಪಾಲಿದೆ. ಧರ್ಮಕೇಂದ್ರದ ಹಬ್ಬದ ಖರ್ಚಿನ ಲೆಕ್ಕವನ್ನು ಪೈಸೆ ಪೈಸೆಯಾಗಿ ಕೇಳುವ ನಾವು, ನಮ್ಮ ವಾರ್ಡಿನ ಆರೋಗ್ಯ ಉಪಕರದ ಲೆಕ್ಕವನ್ನು ಯಾವತ್ತಾದರೂ ಕೇಳಿದ್ದೇವೆಯೇ?

"ನಿವೃತ್ತರ, ವಿಧವೆಯರ ಗತಿಯೇನು?" ಇದು ನಿಜವಾದ ಕಷ್ಟ. ಗಂಡ ಬಿಟ್ಟುಹೋದ ಹಳೆಯ ಮನೆಯಲ್ಲಿ ಸಣ್ಣ ಪಿಂಚಣಿಯಿಂದ ಬದುಕುವ ಅಜ್ಜಿಯ ಆಸ್ತಿಗೆ ಕೋಟಿ ಬೆಲೆ ಬಂದಿರಬಹುದು, ಕೈಯಲ್ಲಿ ಕಾಸಿರುವುದಿಲ್ಲ. ಅಂಥವರ ಮೇಲಿನ ಹೆಚ್ಚುವರಿ ಉಪಕರವನ್ನು ಮನೆ ಮಾರುವವರೆಗೆ ಅಥವಾ ವಾರಸುದಾರರಿಗೆ ಸೇರುವವರೆಗೆ ಬಡ್ಡಿಯಿಲ್ಲದೆ ತಡೆಹಿಡಿಯಬಹುದು. ಹಾಗೆಯೇ, ಮಾಲೀಕರು ಇದನ್ನು ಬಾಡಿಗೆದಾರನ ತಲೆಗೆ ಕಟ್ಟುವ ಭಯವೂ ಸುಳ್ಳಲ್ಲ. ಆದ್ದರಿಂದಲೇ ಸಣ್ಣ ಮನೆಗಳ ಮೇಲೆ ಹೊರೆ ಬೀಳಬಾರದು. ಕಷ್ಟ ಕೆಲವರಿಗಿದೆಯೆಂದು, ಕಷ್ಟವಿಲ್ಲದ ನಾವೆಲ್ಲ ಅವರ ಸೆರಗಿನ ಹಿಂದೆ ಅಡಗಿಕೊಳ್ಳಬಾರದು.

"ಇಷ್ಟೆಲ್ಲ ಸೇವೆ ಮಾಡುವ ಧರ್ಮಸಭೆಯವರು ನಾವು, ತೆರಿಗೆಯ ಮಾತು ನಮಗೇಕೆ?" ಹೌದು, ಸಂತ ಮಾರ್ತಾ ಆಸ್ಪತ್ರೆ 1886ರಿಂದ ನಡೆದುಬಂದಿದೆ; 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಬಂತು. ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಸೇವೆ 1970ರ ದಶಕದ ಕೊನೆಯಿಂದ ನಡೆಯುತ್ತಿದೆ. ಆದರೆ ಸುಮನಹಳ್ಳಿಯ ಆ ಭೂಮಿಯನ್ನು ಕೊಟ್ಟದ್ದು ಸರ್ಕಾರ. ಸೇವೆ ಕೊಟ್ಟದ್ದು ಧರ್ಮಸಭೆ. ಎರಡೂ ಕೈ ಸೇರಿದಾಗಲೇ ಆ ಕೆಲಸ ಆಯಿತು. ಮತ್ತೊಂದು ಮಾತನ್ನು ನಮ್ಮವರಿಗೇ ಹೇಳಬೇಕು. ಆರಾಧನೆಯ ಸ್ಥಳಗಳಿಗೆ ತೆರಿಗೆಯ ವಿನಾಯಿತಿ ಇದೆ, ಅದು ಸರಿ. ಆದರೆ ಯಾವುದೇ ಧರ್ಮದ ಸಂಸ್ಥೆಯಾಗಲಿ, ಬಾಡಿಗೆ ತರುವ ತನ್ನ ಅಂಗಡಿಸಾಲಿಗೂ ಕಲ್ಯಾಣಮಂಟಪಕ್ಕೂ ಅದೇ ವಿನಾಯಿತಿಯ ನೆರಳನ್ನು ಹುಡುಕಬಾರದು. ರೋಗಿಗಾಗಿ ಉಪಕರ ಹೆಚ್ಚಿಸಿರೆಂದು ಕೇಳುವವರು ತಮ್ಮ ಪಾಲನ್ನು ಮೊದಲು ಮೇಜಿನ ಮೇಲಿಡಬೇಕು.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ್ದನ್ನು ನಾವು ನೆನೆಯುತ್ತೇವೆ. ಮರುದಿನ ಬೆಳಿಗ್ಗೆ ಮಾಡಿದ್ದನ್ನು ಮರೆಯುತ್ತೇವೆ. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ಹಿಂತಿರುಗುವಾಗ ತೀರಿಸುತ್ತೇನೆಂದು ಮಾತುಕೊಟ್ಟು ಹೋದ. ತಾನು ಕಣ್ಣೆದುರು ಇಲ್ಲದಾಗಲೂ ಆ ರೋಗಿಯ ಶುಶ್ರೂಷೆ ನಿಲ್ಲಬಾರದೆಂದು ಮುಂಗಡ ಕೊಟ್ಟ ವ್ಯವಸ್ಥೆ ಅದು. ಅಂದಿನ ಆ ಎರಡು ನಾಣ್ಯವೇ ಇಂದಿನ ನಮ್ಮ ಆರೋಗ್ಯ ಉಪಕರ. ಆಸ್ತಿಯ ಹಕ್ಕು ಯಾರಿಗೂ ನಿರ್ಬಂಧವಿಲ್ಲದ ಹಕ್ಕಲ್ಲವೆಂದು ಜಗದ್ಗುರು ಆರನೆಯ ಪೌಲರು 1967ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದ್ದರು. ತೆರಿಗೆ ಸಲ್ಲಿಸುವುದು ನೈತಿಕ ಕರ್ತವ್ಯವೆಂದು ಧರ್ಮಸಭೆಯ ಧರ್ಮೋಪದೇಶ ಹೇಳುತ್ತದೆ. ಇವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಏಪ್ರಿಲ್ ತಿಂಗಳಲ್ಲಿ ನಾವೇ ಮರೆಯುತ್ತೇವೆ.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ಸ್ವಂತ ವಾಸದ 600 ಚದರಡಿಯೊಳಗಿನ ಮನೆಗಳಿಗೆ ಆರೋಗ್ಯ ಉಪಕರ ಈಗಿನ 15ರಲ್ಲಿಯೇ ಇರಲಿ. ನಮ್ಮಂಥ ಮಧ್ಯಮ ವರ್ಗದ ಮನೆಗಳಿಗೆ 30 ಆಗಲಿ. ದೊಡ್ಡ ಮನೆಗಳಿಗೆ, ಎರಡನೆಯ ಮೂರನೆಯ ಮನೆಗಳಿಗೆ, ಬೆಲೆ ಏರಲೆಂದು ಬೇಲಿ ಹಾಕಿ ಬಿಟ್ಟ ನಿವೇಶನಗಳಿಗೆ, ಮಾಲ್‌ಗಳಿಗೆ, ವಾಣಿಜ್ಯ ಸಂಕೀರ್ಣಗಳಿಗೆ 45 ಆಗಲಿ. 2025ರ ಏಪ್ರಿಲ್‌ನಿಂದ ಕಸ ವಿಲೇವಾರಿಯ ಶುಲ್ಕವನ್ನು ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಆಸ್ತಿ ತೆರಿಗೆಯ ಜೊತೆಗೇ ಪಡೆಯಲಾಗುತ್ತಿದೆ. ಮನೆಯ ಕಸಕ್ಕೆ ಅನ್ವಯವಾಗುವ ಈ ಲೆಕ್ಕ ಮನುಷ್ಯನ ದೇಹಕ್ಕೆ ಅನ್ವಯವಾಗಬಾರದೇಕೆ?

ಬಂದ ಹಣ ಸರ್ಕಾರದ ಸಾಮಾನ್ಯ ಖಜಾನೆಯಲ್ಲಿ ಕರಗಿಹೋಗದೆ ಪ್ರತ್ಯೇಕ ನಿಧಿಯಾಗಿ ನಿಲ್ಲಲಿ. ರಸೀದಿಯಲ್ಲಿ 'ಸೆಸ್' ಎಂಬ ಒಂದೇ ಪದದ ಬದಲು ಪ್ರತಿಯೊಂದು ಉಪಕರದ ಹೆಸರೂ ಮೊತ್ತವೂ ಕನ್ನಡದಲ್ಲಿ ಅಚ್ಚಾಗಲಿ. ವಾರ್ಡಿನಿಂದ ಎಷ್ಟು ಬಂತು, ಯಾವ ಆಸ್ಪತ್ರೆಗೆ ಎಷ್ಟು ಹೋಯಿತು ಎಂಬುದನ್ನು ವರ್ಷಕ್ಕೊಮ್ಮೆ ವಾರ್ಡ್ ಕಚೇರಿಯ ಗೋಡೆಯಲ್ಲಿ ಅಂಟಿಸಲಿ. ಮೊದಲ ಖರ್ಚು ಮಾತ್ರೆಗಾಗಲಿ, ರಕ್ತಪರೀಕ್ಷೆಗಾಗಲಿ, ಸಂಜೆಯ ಹೊತ್ತಿನ ವೈದ್ಯರಿಗಾಗಲಿ. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ನಮ್ಮ ಕ್ಲಿನಿಕ್‌ಗಳು, ಹೊಸಹಳ್ಳಿಯ, ಶ್ರೀರಾಮಪುರದ ರೆಫರಲ್ ಆಸ್ಪತ್ರೆಗಳು ಈಗಾಗಲೇ ನಮ್ಮ ನಡುವೆ ಇವೆ. ಹೊಸ ಕಟ್ಟಡದ ಶಂಕುಸ್ಥಾಪನೆಗಿಂತ ಇರುವ ಕಟ್ಟಡದ ಕಪಾಟಿನಲ್ಲಿ ಔಷಧಿ ತುಂಬಿರುವುದು ಮುಖ್ಯ.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು. ನಮ್ಮದು ಪಶ್ಚಿಮ ನಗರಪಾಲಿಕೆ. ಇನ್ನು ಮುಂದೆ ಮತ ಕೇಳಲು ಬರುವವರು ರಸ್ತೆ, ಚರಂಡಿ, ಕಂದಾಯ ಇಳಿಕೆಯ ಮಾತನಾಡುತ್ತಾರೆ. ಕಂದಾಯ ಇಳಿಸುತ್ತೇವೆ ಎನ್ನುವವರನ್ನು ನಾವು ಕೇಳೋಣ: "ಇಳಿಸಿದ್ದು ಯಾರ ಮಾತ್ರೆಯಿಂದ ಸ್ವಾಮಿ?" ಏರಿಸುತ್ತೇವೆ ಎನ್ನುವ ಧೈರ್ಯದವರು ಯಾರಾದರೂ ಬಂದರೆ ಕೇಳೋಣ: "ಲೆಕ್ಕ ಎಲ್ಲಿ ಅಂಟಿಸುತ್ತೀರಿ?" ಧರ್ಮಕೇಂದ್ರದ ಪಾಲನಾ ಮಂಡಳಿಗಳು, ಮಹಿಳಾ ಸಂಘಗಳು, ವಿನ್ಸೆಂಟ್ ದೆ ಪೌಲ್ ಸಭೆಯ ಬಂಧುಗಳು ನೆರೆಯ ಇತರ ಧರ್ಮೀಯರೊಡನೆ ಕೂಡಿ ಈ ಎರಡು ಪ್ರಶ್ನೆಗಳನ್ನು ವಾರ್ಡ್ ಸಭೆಗಳಿಗೆ ಒಯ್ಯಲಿ.

ಆ ತಾಯಿಯನ್ನು ಈಚೆಗೆ ನೋಡಲು ಹೋಗಿದ್ದೆವು. ಒಂದು ಕೋಣೆಯ ಮನೆ. ಎಡಗೈಯಲ್ಲಿಯೇ ನೀರು ಕೊಟ್ಟಳು. "ಅಕ್ಕಾ, ಹೊಸ ಕೆಲಸದವಳು ಚೆನ್ನಾಗಿ ಮಾಡ್ತಾಳಾ?" ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಬೀರು ತೆರೆದು ರಸೀದಿಯನ್ನು ತೆಗೆದು ನೋಡಿದೆ. ಆರೋಗ್ಯಕ್ಕೆಂದು ನಮ್ಮ ಮನೆ ಇಡೀ ವರ್ಷಕ್ಕೆ ಕೊಟ್ಟಿದ್ದ ಹಣ ಅವಳ ಎರಡು ತಿಂಗಳ ಮಾತ್ರೆಗೂ ಸಾಲುತ್ತಿರಲಿಲ್ಲ.